ಕೊಂದದ್ದನ್ನು ಮೆರೆಸುವುದೇಕೆ?

ಸತ್ತ ಸಿಂಹದ ಪಕ್ಕ ಮಂಡಿಯೂರಿ ನಗುವವರ ಫೋಟೊ ನೋಡಿ ಜನ ಸಿಟ್ಟಾಗುವುದು ಬರೀ ಭಾವುಕತೆ, ಪರವಾನಗಿ ಪಡೆದ ಬೇಟೆಯನ್ನು ಯಾರೂ ಪ್ರಶ್ನಿಸಬಾರದು ಎಂದಿದ್ದಾರೆ ಬೇಟೆಯನ್ನು ಸಮರ್ಥಿಸುವ ಲೇಖನವೊಂದರ ಲೇಖಕರು. ನಾನು ಒಪ್ಪುವುದಿಲ್ಲ. 2015ರಲ್ಲಿ ಜಿಂಬಾಬ್ವೆಯ ಸೆಸಿಲ್ ಎಂಬ ಸಿಂಹ ಬೇಟೆಗಾರನೊಬ್ಬನ ಬಾಣ ತಗುಲಿ ಗಂಟೆಗಟ್ಟಲೆ ನರಳಿ ಸತ್ತಿತು. ಅದರ ಕೊರಳಲ್ಲಿ ಓಡಾಟವನ್ನು ಗಮನಿಸಲು ಸಂಶೋಧಕರು ತೊಡಿಸಿದ್ದ ಪಟ್ಟಿಯಿತ್ತು. ಜನರ ಆಕ್ರೋಶದ ನಂತರ ಅಮೆರಿಕದ ಕೆಲವು ವಿಮಾನ ಕಂಪನಿಗಳು ಬೇಟೆಯ ತಲೆ, ಚರ್ಮಗಳನ್ನು ಸಾಗಿಸುವುದನ್ನೇ ನಿಲ್ಲಿಸಿದವು. ಬರೀ ಭಾವುಕತೆಯಿಂದ ಇಷ್ಟು ಕೆಲಸವಾಗುತ್ತದೆಯೇ?

ಈ ಚಟದ ಹಳೆಯ ಮುಖ ಮೈಸೂರಿಗೆ ಚೆನ್ನಾಗಿ ಗೊತ್ತು. ರಾಜರು, ಬ್ರಿಟಿಷ್ ಅಧಿಕಾರಿಗಳು ಹೊಡೆದ ಹುಲಿ, ಚಿರತೆಗಳನ್ನು ಸಾವಿರಗಟ್ಟಲೆ ಹದಮಾಡಿ, ಬಾಯಿ ತೆರೆದು ಘರ್ಜಿಸುವಂತೆ ನಿಲ್ಲಿಸಿಕೊಟ್ಟದ್ದು ನಮ್ಮೂರಿನ ವ್ಯಾನ್ ಇಂಗೆನ್ ಸಂಸ್ಥೆ. ಕುಶಲಕರ್ಮಿಗಳ ಕೈಚಳಕವನ್ನು ನಾನು ಹೀಗಳೆಯುವುದಿಲ್ಲ, ಅದು ಅಪರೂಪದ್ದೇ. ಆದರೆ ಗೋಡೆಯ ಮೇಲಿನ ಆ ತಲೆ ಹೇಳುತ್ತಿದ್ದದ್ದು ಹುಲಿಯ ಕಥೆಯನ್ನಲ್ಲ, ಕೋವಿ ಹಿಡಿದವನ ದರ್ಪವನ್ನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು. ಅರಸರ ಬೇಟೆಯ ತಾಣವಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು.

ಕಾಡಂಚಿನಲ್ಲಿ ಹಸುವನ್ನು ಕಳೆದುಕೊಂಡ ರೈತನ ಕೋಪ ನನಗೆ ಅರ್ಥವಾಗುತ್ತದೆ. ಅವನಿಗೆ ಪರಿಹಾರ ಬೇಗ ಸಿಗಬೇಕು. ಹಣ ಕೊಟ್ಟು ಕೊಂದು, ಹೆಣದ ಮೇಲೆ ಕೈಯಿಟ್ಟು ಕ್ಯಾಮೆರಾಗೆ ನಗುವವರನ್ನು ಅವನ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ ಎಂದು ಲೇಖಕರನ್ನು ಕೇಳಿಕೊಳ್ಳುತ್ತೇನೆ.