ಸಾಮಾನಿಗೊಂದು ಬಾಡಿಗೆ ರೂಮು

ಬೆಂಗಳೂರಿನಲ್ಲಿ ಈಗ ಸಾಮಾನಿಗೂ ಬಾಡಿಗೆ ರೂಮು ಸಿಗುತ್ತದೆ. ಮನೆ ರಿಪೇರಿ ಮಾಡಿಸುವವರು, ಎರಡು ವರ್ಷಕ್ಕೆಂದು ವಿದೇಶಕ್ಕೆ ಹೊರಟವರು, ದೊಡ್ಡ ಮನೆ ಬಿಟ್ಟು ಫ್ಲ್ಯಾಟಿಗೆ ಬಂದವರು ಅಲ್ಲಿ ಸೋಫಾ, ಮಂಚ, ಬೀರು ಇಟ್ಟು, ಬೀಗ ಜಡಿದು, ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ. ಹಿಂದೆ ಇದನ್ನೆಲ್ಲ ಅಟ್ಟ ಪುಕ್ಕಟೆಯಾಗಿ ಮಾಡುತ್ತಿತ್ತು. ಅಟ್ಟಕ್ಕೆ ಷರತ್ತೂ ಇರಲಿಲ್ಲ. ಇಲ್ಲಿ ಕೈಗೆ ಮೊದಲು ಬರುವುದೇ ಏನೇನು ತರಬಾರದು ಅನ್ನುವ ಪಟ್ಟಿ.

ಗ್ಯಾಸ್ ಸಿಲಿಂಡರ್ ಬೇಡ, ಖಾಲಿಯಾಗಿದ್ದರೂ ಬೇಡ. ನಾವು ಖಾಲಿ ಅನ್ನುವ ಸಿಲಿಂಡರಿನಲ್ಲೂ ಒಂದಿಷ್ಟು ಗ್ಯಾಸ್ ಉಳಿದೇ ಇರುತ್ತದೆ. ಅದೂ ಅಲ್ಲದೆ ಸಿಲಿಂಡರ್ ನಮ್ಮ ಆಸ್ತಿಯಲ್ಲ, ಡೆಪಾಸಿಟ್ ಕಟ್ಟಿ ತಂದದ್ದು. ಊರು ಬಿಡುವಾಗ ಏಜೆನ್ಸಿಗೆ ಒಪ್ಪಿಸಿ ಚೀಟಿ ಪಡೆಯಬೇಕು. ಬೈಕ್ ಇಡಬಹುದು, ಪೆಟ್ರೋಲ್ ಪೂರ್ತಿ ತೆಗೆದು. ಇನ್ವರ್ಟರ್ ಇರಲಿ, ಅದರ ಆಸಿಡ್ ಬ್ಯಾಟರಿ ಬೇಡ. ದೀಪಾವಳಿಯಲ್ಲಿ ಉಳಿದ ಪಟಾಕಿ, ಥಿನ್ನರ್ ಡಬ್ಬ, ಗಿಡ, ನಾಯಿ, ಬೆಕ್ಕು ಯಾವುದೂ ಬೇಡ. ಒಳಗೆ ಮನುಷ್ಯರು ಮಲಗುವಂತಿಲ್ಲ ಅಂತಲೂ ಇರುತ್ತದೆ. ಹಾಗೆ ಬರೆದಿದ್ದಾರೆಂದರೆ ಯಾರೋ ಪುಣ್ಯಾತ್ಮ ಮಲಗಿಯೇ ಇರಬೇಕು, ಅಲ್ವಾ?

ನಗದು, ಒಡವೆಗೂ ಜಾಗವಿಲ್ಲ. ಒಡವೆಗೇನೋ ಬ್ಯಾಂಕ್ ಲಾಕರ್ ಇದೆ. ಆದರೆ ರಿಸರ್ವ್ ಬ್ಯಾಂಕ್ 2021ರಲ್ಲಿ ತಂದ ನಿಯಮದ ಪ್ರಕಾರ, ಬೆಂಕಿ ಬಿದ್ದರೋ ಕಳ್ಳತನವಾದರೋ ಬ್ಯಾಂಕಿನ ಹೊಣೆ ಲಾಕರಿನ ವರ್ಷದ ಬಾಡಿಗೆಯ 100 ಪಟ್ಟಿಗೇ ನಿಲ್ಲುತ್ತದೆ. ಅಜ್ಜಿಯ ಕಾಸಿನ ಸರಕ್ಕೆ ಅದು ಸಾಲುತ್ತದೋ ಇಲ್ಲವೋ, ಲೆಕ್ಕ ನೀವೇ ಹಾಕಿಕೊಳ್ಳಿ.

ನಿಜವಾದ ತಕರಾರು ತಿನ್ನುವ ಪದಾರ್ಥದ್ದು. ಅಕ್ಕಿ, ಬೇಳೆ, ಉಪ್ಪಿನಕಾಯಿ ಜಾಡಿ ತರುವಂತಿಲ್ಲ ಅಂದರೆ ತಲೆಯಾಡಿಸುತ್ತೇವೆ. ಆದರೆ ಮಿಕ್ಸಿ ಜಾರನ್ನು ಬೋರಲು ಹಾಕಿ ನೋಡಿ. ಬ್ಲೇಡಿನ ಸಂದಿಯಲ್ಲಿ ಯಾವ ಕಾಲದ್ದೋ ಚಟ್ನಿ ಒಣಗಿ ಕೂತಿರುತ್ತದೆ. ಸೋಫಾದ ಸಂದಿಗೆ ಕೈ ಹಾಕಿದರೆ ಅರ್ಧ ಕೋಡುಬಳೆ, ಕಡಲೆಬೀಜದ ಸಿಪ್ಪೆ. ಇಲಿಗೆ ಅಷ್ಟು ಸಾಕು. ಅದು ನಿಮ್ಮ ಕೋಡುಬಳೆಗೆ ಬಂದು ಪಕ್ಕದವರ ಹಾಸಿಗೆ ಕಡಿದು ಹೋಗುತ್ತದೆ. ಫ್ರಿಜ್ಜನ್ನಂತೂ ಒರೆಸಿ, ಒಣಗಿಸಿ, ಬಾಗಿಲಿಗೆ ಬಟ್ಟೆ ಸಿಕ್ಕಿಸಿ ಚೂರು ತೆರೆದೇ ಇಡಬೇಕು. ಇಲ್ಲದಿದ್ದರೆ ವಾಪಸ್ ಬರುವಷ್ಟರಲ್ಲಿ ಒಳಗೆಲ್ಲ ಬೂಷ್ಟು.

ಕೆಲವು ವಸ್ತು ಮಾತ್ರ ಯಾವ ಪಟ್ಟಿಗೂ ಜಗ್ಗುವುದಿಲ್ಲ. ಕಾಶಿಯಿಂದ ತಂದ, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಂಗೆ ತಂಬಿಗೆ ಇದೆಯಲ್ಲ, ಅದು ದೇವರ ಸಾಮಾನೋ, ದ್ರವವೋ? ದ್ರವ ಬೇಡ ಅನ್ನುತ್ತದೆ ನಿಯಮ. ತಂಬಿಗೆ ಮನೆಯಲ್ಲೇ ಇರಲಿ ಅನ್ನುತ್ತಾರೆ ಹಿರಿಯರು. ಅದು ಯಾವಾಗ ಬೇಕಾಗುತ್ತದೆಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ದಸರಾ ಗೊಂಬೆಗಳಿಗೆ ಅಭ್ಯಂತರವೇ ಇಲ್ಲ. ಹಳೇ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಟ್ರಂಕಿನಲ್ಲಿಟ್ಟರೆ ರಾಜ ರಾಣಿ ಇಬ್ಬರೂ ವರ್ಷವಿಡೀ ಸುಮ್ನೆ ಮಲಗಿರುತ್ತಾರೆ. ತೊಂದರೆ ಶುರುವಾಗುವುದು ನವರಾತ್ರಿಗೆ. ಪಾಡ್ಯದ ಹೊತ್ತಿಗೆ ಪಟ್ಟದ ಗೊಂಬೆ ಮನೆಯಲ್ಲಿರಬೇಕು, ಟ್ರಂಕು ನೋಡಿದರೆ ರೂಮಿನ ಮೂಲೆಯಲ್ಲಿ, ಮಂಚ, ಬೀರು, ಸೋಫಾ ಎಲ್ಲದರ ಹಿಂದೆ. ವರ್ಷಕ್ಕೊಮ್ಮೆ ಬೇಕಾಗುವ ಸಾಮಾನನ್ನು ಬಾಗಿಲ ಹತ್ತಿರವೇ ಇಡಿ ಅಂತ ಯಾವ ಪಟ್ಟಿಯೂ ಹೇಳುವುದಿಲ್ಲ. ನಾನು ಹೇಳುತ್ತಿದ್ದೇನೆ, ಕೇಳಿ.

ನನ್ನ ಅನುಮಾನ ಬೇರೆಯೇ. ಇಂಥ ರೂಮುಗಳಲ್ಲಿ ಜಾಸ್ತಿ ಇರುವುದು ಬೇಕಾದದ್ದೂ ಅಲ್ಲ, ಬೇಡದ್ದೂ ಅಲ್ಲ. ಗಂಡ ಮಾರೋಣ ಅಂದದ್ದು, ಹೆಂಡತಿ ಇರಲಿ ಬಿಡಿ ಅಂದದ್ದು. ಮಗನ ಎಂಜಿನಿಯರಿಂಗ್ ಪುಸ್ತಕ, ಕಾಲು ಅಲ್ಲಾಡುವ ಆರಾಮಕುರ್ಚಿ, ಮೊಮ್ಮಗು ಬಂದರೆ ಬೇಕಾದೀತು ಅಂದುಕೊಂಡ ತೊಟ್ಟಿಲು. ಬಾಡಿಗೆ ಕೂಡಿಸುತ್ತಾ ಹೋದರೆ ಒಂದು ದಿನ ಅದು ಸಾಮಾನಿನ ಬೆಲೆಯನ್ನೇ ದಾಟುತ್ತದೆ. ಆದರೂ ಕಟ್ಟುತ್ತೇವೆ, ಜಗಳ ಮುಂದಕ್ಕೆ ಹೋಯಿತಲ್ಲ!

ಅಮೆರಿಕದಲ್ಲಿ ಬಾಡಿಗೆ ಬಾಕಿ ಬಿದ್ದರೆ ನೋಟಿಸ್ ಕೊಟ್ಟು, ರೂಮು ತೆರೆದು, ಇದ್ದದ್ದೆಲ್ಲ ಹರಾಜು ಹಾಕುವ ಕಾನೂನಿದೆ. ನಮ್ಮಲ್ಲೂ ಹಾಕಲಿ, ನೋಡೋಣ. ಬೀರು ಹೋದೀತು, ತೊಟ್ಟಿಲೂ ಹೋದೀತು. ಅಜ್ಜಿಯ ರುಬ್ಬುವ ಕಲ್ಲಿಗೆ ಕೂಗುವವರು ಯಾರು? ಕೂಗಿದರೂ, ಹೊರುವ ಆಳನ್ನು ಅವರೇ ಕರೆದುಕೊಂಡು ಬರಬೇಕು.