ಸೀಳುತುಟಿ ಶಿಬಿರದ ಫೋಟೊ: 'ಮೊದಲು–ಆಮೇಲೆ' ಅಷ್ಟೇ ಸಾಕಾ?

ಈ ಫೋಟೊಗಳನ್ನು ನೀವೂ ನೋಡಿರ್ತೀರಿ. ಎಡಕ್ಕೆ ಆಪರೇಷನ್‌ಗೆ ಮೊದಲಿನ ಮುಖ, ಬಲಕ್ಕೆ ಆಮೇಲಿನ ನಗು, ಕೆಳಗೆ ದಾನ ಕೇಳುವ ಲಿಂಕು. ಸೀಳುತುಟಿ ಮಕ್ಕಳ ಉಚಿತ ಶಿಬಿರಗಳಿಗೆ ಕ್ಯಾಮೆರಾ ಹಿಡಿದು ಹೋಗುವವನು ನಾನು. ಈ ಜೋಡಿ ಫೋಟೊ ಬಗ್ಗೆ ನನ್ನದೊಂದು ತಕರಾರಿದೆ.

ಫೋಟೊ ತೆಗೆಯಲೇಬೇಕು, ಅದರಲ್ಲಿ ಅನುಮಾನವಿಲ್ಲ. ಅದು ಕೇಸ್ ಶೀಟಿಗೆ ಸೇರಿದ್ದು. ನೇರ ಮುಖ, ಎರಡೂ ಪಕ್ಕ, ಆಮೇಲೆ ತಲೆ ಹಿಂದಕ್ಕೆ ಬಾಗಿಸಿ ಮೂಗಿನ ಹೊಳ್ಳೆ ಕಾಣುವಂತೆ ಕೆಳಗಿನಿಂದ ಒಂದು. ಈ ಕೊನೆಯದನ್ನು ಯಾರೂ ಶೇರ್ ಮಾಡಲ್ಲ. ಆದರೆ ಮೂಗು ಎಷ್ಟು ಸೊಟ್ಟಗಿದೆ ಅಂತ ಡಾಕ್ಟರಿಗೆ ತಿಳಿಯೋದು ಅದರಲ್ಲೇ. ಅಮ್ಮನ ತೊಡೆ ಮೇಲೆ ಮಲಗಿಸಿ, ಒಬ್ಬರು ಬೈಕ್ ಕೀ ಗಲಗಲ ಅನ್ನಿಸುತ್ತಿರಬೇಕು. ಮಗು ಅಳು ನಿಲ್ಲಿಸಿ ಅತ್ತ ನೋಡಿದ ಗಳಿಗೆಯಲ್ಲೇ ಕ್ಲಿಕ್ ಮಾಡಬೇಕು. ಅದೂ ಆಪರೇಷನ್ ದಿನವಾದರೆ ಮಗು ಹಾಲಿಲ್ಲದೆ ಹಸಿದಿರುತ್ತೆ, ಕೇಳಲೇಬೇಡಿ.

ತಕರಾರು ಏನಂದ್ರೆ, ಆ ಜೋಡಿ ಫೋಟೊ ಅರ್ಧ ಕಥೆ ಹೇಳುತ್ತೆ. ತುಟಿ ಹೊಲಿದರೆ ಮುಗೀತು ಅನ್ನಿಸಿಬಿಡುತ್ತೆ. ಬಾಯೊಳಗೆ ಮೇಲಿರುವ ಅಂಗಳವೂ ಸೀಳಿದ್ದರೆ ಅದಕ್ಕೆ ಬೇರೆ ಆಪರೇಷನ್, ಸಾಮಾನ್ಯವಾಗಿ 9ರಿಂದ 18 ತಿಂಗಳ ಒಳಗೆ. ಆಮೇಲೆ ಮಾತಿನ ತರಬೇತಿ, ಕಿವಿ ಪರೀಕ್ಷೆ, ಹಲ್ಲಿನ ಚಿಕಿತ್ಸೆ. ಅಂಗಳ ಸೀಳಿದ ಕೂಸು ಮೊಲೆ ಚೀಪಲಾರದು. ಹಾಲು ಹಿಂಡಿ, ಒಳಲೆಯಲ್ಲಿ ಗುಟುಕು ಗುಟುಕಾಗಿ ಕುಡಿಸುತ್ತಾ ಮಗುವಿನ ತೂಕ ಏರಿಸಿ ಕರೆತರುವುದೇ ತಾಯಿಯ ದೊಡ್ಡ ಸಾಹಸ. ಆ ಒಳಲೆಯ ಫೋಟೊ ಎಲ್ಲಾದರೂ ನೋಡಿದ್ದೀರಾ?

ಆಪರೇಷನ್ ಆಗದೆ ವಾಪಸ್ ಹೋದ ಮಕ್ಕಳೂ ಇರ್ತಾರೆ. 1982ರಲ್ಲಿ ಅಮೆರಿಕದ ಸರ್ಜನ್ ಬಿಲ್ ಮ್ಯಾಗೀ ಮತ್ತು ಅವರ ಹೆಂಡತಿ ಕ್ಯಾಥಿ ಸೀಳುತುಟಿ ಮಕ್ಕಳಿಗೆ ಆಪರೇಷನ್ ಮಾಡಲು ಫಿಲಿಪೈನ್ಸ್‌ನ ನಾಗಾ ಊರಿಗೆ ಹೋಗಿದ್ದರು. ಬಂದವರಲ್ಲಿ ಹೆಚ್ಚಿನವರನ್ನು ಹಾಗೇ ಕಳಿಸಬೇಕಾಯಿತು. ಆಪರೇಷನ್ ಸ್ಮೈಲ್ ಸಂಸ್ಥೆ ಹುಟ್ಟಿದ್ದು ಆ ಸಂಕಟದಿಂದ. ಇವತ್ತಿಗೂ ನೆಗಡಿ, ಕೆಮ್ಮು, ರಕ್ತ ಕಡಿಮೆ ಅಂದರೆ ಅರಿವಳಿಕೆ ಕೊಡಲು ಡಾಕ್ಟರ್ ಒಪ್ಪಲ್ಲ, ಒಪ್ಪಲೂಬಾರದು. ಬಸ್ ಹತ್ತಿ ವಾಪಸ್ ಹೊರಟ ಆ ಮನೆಯವರು ಯಾವ ವರದಿಯಲ್ಲೂ ಬರಲ್ಲ.

ಇನ್ನು ಒಪ್ಪಿಗೆ ವಿಷಯ. ಆಪರೇಷನ್ ಕಾಗದಗಳ ಜೊತೆಗೇ ಫೋಟೊ ಕಾಗದಕ್ಕೂ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾ? ಬೇಡ ಅಂದರೆ ಆಪರೇಷನ್ ಮಾಡಲ್ವೇನೋ ಅನ್ನೋ ಹೆದರಿಕೆ ಯಾರಿಗಾದರೂ ಇರುತ್ತೆ. ಒಬ್ಬ ತಾಯಿ ಸೆರಗಿನಿಂದ ಮಗಳ ಬಾಯಿ ಮುಚ್ಚಿಕೊಂಡೇ ನನ್ನನ್ನು ಕೇಳಿದರು, "ಅಣ್ಣಾ, ಇವಳ ಮದುವೆ ಹೊತ್ತಿಗೆ ಈ ಫೋಟೊ ಯಾರ್‍ಯಾರ ಮೊಬೈಲಲ್ಲಿರುತ್ತೆ?" ಅವರ ಹೆದರಿಕೆ ಸುಮ್ನೆ ಅಲ್ಲ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೇ ಹೀಗಾಯ್ತು ಅಂತ ಊರೆಲ್ಲ ಆಕೆಯನ್ನೇ ದೂರಿರುತ್ತೆ.

ಹಾಗಾಗಿ ನಾನೀಗ 'ಮೊದಲಿನ' ಫೋಟೊಗಳನ್ನು ಡಾಕ್ಟರಿಗೆ ಮಾತ್ರ ಕೊಡ್ತೀನಿ. ಹೊರಗೆ ಕೊಡುವುದು ಬೇರೆ: ಒಳಲೆ ಹಿಡಿದ ಕೈ, ಹೊಲಿಗೆ ಮುಟ್ಟದಂತೆ ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡು ಮುನಿಸಿಕೊಂಡ ಪುಟಾಣಿ, ಮಾತಿನ ತರಬೇತಿಯಲ್ಲಿ "ಪಪ್ಪ" ಅನ್ನಲು ಒದ್ದಾಡುವ ಹುಡುಗ. ಅದಕ್ಕೂ ಮನೆಯವರು ಹೂಂ ಅನ್ನಬೇಕು. ಇವಕ್ಕೆ ಲೈಕು ಕಡಿಮೆ, ದುಡ್ಡೂ ಕಡಿಮೆ ಬರಬಹುದು ಅಂತ ಆಯೋಜಕರು ಗೊಣಗ್ತಾರೆ. ಗೊಣಗಲಿ.

ಪೋಸ್ಟರಿನಲ್ಲಿ ಉಳಿದ ಜಾಗಕ್ಕೆ ಇದನ್ನು ಹಾಕಿ: 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ, ಸೀಳು ಅಂಗಳಕ್ಕೆ ಚಿಕಿತ್ಸೆ ಉಚಿತ. ಶಿಬಿರ ಬರಲಿ ಅಂತ ಕಾಯಬೇಡಿ, ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿ.