ಬೋಟು ನೋಡಿ ಬರುವುದೂ ಸುಮ್ಮನೆ ತಿರುಗಾಟವಂತೆ!

2021ರ ಮೇ ತಿಂಗಳ ಕೊನೆಯಲ್ಲಿ, ಕೊರೊನಾ ಲಾಕ್‌ಡೌನ್ ನಡುವೆ ಬರೆಯುತ್ತಿರುವ ಮಾತಿದು. ಬಂದರಿನ ದಕ್ಕೆಯಲ್ಲಿ ಕಟ್ಟಿದ ಮೀನಿನ ಬೋಟಿಗೆ ಲಾಕ್‌ಡೌನ್ ಗೊತ್ತಿಲ್ಲ ಮಾರಾಯ್ರೆ. ಒಳಗೆ ನೀರು ಬರುತ್ತಲೇ ಇರುತ್ತದೆ, ಹಗ್ಗ ಸವೆಯುತ್ತಲೇ ಇರುತ್ತದೆ, ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಅದನ್ನು ನೋಡಿ ಬರಲು ಹೊರಟ ಮಾಲಕನನ್ನು ದಾರಿಯಲ್ಲಿ ಪೊಲೀಸರು ತಡೆದು, ‘ಮೀನು ಹಿಡಿಯಲು ಹೋಗುವುದಿಲ್ಲ ಅಂತೀರಿ, ಮತ್ತೆ ಬೋಟಿನ ಹತ್ತಿರ ಏನು ಕೆಲಸ?’ ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಕೊಟ್ಟು ಕೊಟ್ಟು ಕರಾವಳಿಯ ಬೋಟಿನವರ ಬಾಯಿ ಒಣಗಿದೆ. ಹೋದ ವರ್ಷವೂ ಇದೇ, ಈ ವರ್ಷವೂ ಇದೇ. ಏನು ಕೆಲಸ ಎಂದು ಒಮ್ಮೆ ಬಿಡಿಸಿಯೇ ಹೇಳುತ್ತೇವೆ, ಓದಿ.

ಇಂಜಿನ್ ಕೋಣೆಗೆ ಇಳಿಯಿರಿ. ಪ್ರೊಪೆಲ್ಲರಿನ ಶಾಫ್ಟ್ ಬೋಟಿನ ಹಿಂಬದಿಯಲ್ಲಿ ಒಡಲು ತೂರಿ ನೀರಿಗೆ ಹೋಗುತ್ತದೆ. ಆ ತೂತಿಗೆ ಸ್ಟರ್ನ್ ಟ್ಯೂಬ್ ಎಂಬ ಕೊಳವೆ, ಅದರ ಬಾಯಿಗೆ ನೀರು ತಡೆಯುವ ಗ್ಲ್ಯಾಂಡ್, ಗ್ಲ್ಯಾಂಡಿನೊಳಗೆ ಗ್ರೀಸು ಮೆತ್ತಿದ ನಾರಿನ ಪ್ಯಾಕಿಂಗ್, ಕೆಲವು ಸುತ್ತು. ಶಾಫ್ಟ್ ತಿರುಗುವಾಗ ಅಲ್ಲಿಂದ ಹನಿ ಬೀಳಲೇಬೇಕು, ಬೀಳದಿದ್ದರೆ ಪ್ಯಾಕಿಂಗ್ ಸುಟ್ಟು ಶಾಫ್ಟಿಗೆ ಗೀರು ಬೀಳುತ್ತದೆ. ಬೋಟು ಕಟ್ಟಿದ ಮೇಲೆ ಗ್ಲ್ಯಾಂಡಿನ ಎರಡೂ ನಟ್ಟುಗಳನ್ನು ಸಮವಾಗಿ, ಸ್ವಲ್ಪ ಸ್ವಲ್ಪವೇ ಬಿಗಿದು ಹನಿ ನಿಲ್ಲಿಸಬೇಕು. ಸೀಸನ್ ಪೂರ್ತಿ ಓಡಿದ ಪ್ಯಾಕಿಂಗ್ ಮೇ ತಿಂಗಳಿಗಾಗುವಾಗ ಸವೆದು ಗಟ್ಟಿಯಾಗಿರುತ್ತದೆ, ಎಷ್ಟು ಬಿಗಿದರೂ ಹನಿ ಪೂರಾ ನಿಲ್ಲುವುದಿಲ್ಲ. ಸೆಕೆಂಡಿಗೊಂದು ಹನಿ ಎಂದರೆ ದಿನಕ್ಕೆ ನಾಲ್ಕು ಲೀಟರ್ ಚಿಲ್ಲರೆ. ಅದರಿಂದ ಬೋಟು ಮುಳುಗದು. ಆದರೆ ಪ್ಯಾಕಿಂಗಿನ ಒಂದು ಸುತ್ತು ಹರಿದರೆ ಹನಿ ಧಾರೆಯಾಗುತ್ತದೆ. ನಿಮಿಷಕ್ಕೆ ಬರೀ ಕಾಲು ಲೀಟರ್ ಬಂದರೂ ದಿನಕ್ಕೆ 360 ಲೀಟರ್. 14 ದಿನಕ್ಕೆ ಐದು ಟನ್.

14 ದಿನ ಎಂದದ್ದು ಸುಮ್ಮನೆ ಅಲ್ಲ. ಏಪ್ರಿಲ್ 27ರಿಂದ ಸರ್ಕಾರ ನಿರ್ಬಂಧ ಹಾಕುತ್ತಿರುವುದೇ 14 ದಿನದ ಕಂತುಗಳಲ್ಲಿ. ಮೊದಲ ಕಂತು ಮುಗಿಯುವ ಮೊದಲೇ ಮೇ 10ರಿಂದ 24ರವರೆಗೆ ಎಂದರು, ಈಗ ಜೂನ್ 7ರವರೆಗೆ ಎಂದಿದ್ದಾರೆ. ಪ್ರತಿ ಕಂತಿನಲ್ಲೂ ‘ಇನ್ನು ಎರಡೇ ವಾರ, ಮನೆಯಲ್ಲಿರಿ’. ಇಂಜಿನ್ ಕೋಣೆಯ ತಳದಲ್ಲಿ ಐದು ಟನ್ ನೀರು ತುಂಬಿದರೆ ಮೊದಲು ಮುಳುಗುವುದು ಫ್ಲೈವೀಲ್ ಪಕ್ಕ ಕೆಳಗೆ ಕೂತಿರುವ ಸೆಲ್ಫ್ ಮೋಟಾರ್, ಆಮೇಲೆ ಗೇರ್ ಬಾಕ್ಸ್. ಗೇರ್ ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿತೆಂದರೆ ಒಳಗೆ ಉಪ್ಪುನೀರು ಹೊಕ್ಕಿದೆ, ಪೂರಾ ಬಿಚ್ಚಿಯೇ ತೊಳೆಯಬೇಕು. ಅಷ್ಟರಲ್ಲಿ ಹಿಂಭಾಗ ತಗ್ಗಿರುತ್ತದೆ. ಮರದ ಬೋಟಾದರೆ ನೀರಿನ ಮಟ್ಟಕ್ಕಿಂತ ಮೇಲಿದ್ದ ಹಲಗೆಗಳು ಈ ಬಿಸಿಲಿಗೆ ಒಣಗಿ, ಸಂದುಗಳು ಬಾಯಿ ಬಿಟ್ಟಿರುತ್ತವೆ. ಆ ಸಂದುಗಳು ನೀರಿಗೆ ತಾಗಿದ ಮೇಲೆ ಬೋಟು ಮುಳುಗಲು ವಾರಗಳು ಬೇಡ, ಒಂದು ರಾತ್ರಿ ಸಾಕು. ಸಂದು ಬಿಡದಂತೆ ಬೆಳಿಗ್ಗೆ ಸಂಜೆ ಡೆಕ್ಕಿಗೂ ಬದಿ ಹಲಗೆಗೂ ನೀರು ಎರಚಬೇಕು. ಅದೂ ಸಮುದ್ರದ ನೀರನ್ನೇ, ಸಿಹಿನೀರು ನಿಂತರೆ ಮರ ಕೊಳೆಯುತ್ತದೆ. ಇದನ್ನು ಮನೆಯಲ್ಲಿ ಕೂತು ಮಾಡುವುದು ಹೇಗೆ?

‘ಪಂಪ್ ಇದೆಯಲ್ಲ’ ಎನ್ನುತ್ತಾರೆ ತಿಳಿದವರಂತೆ. ಹೆಚ್ಚಿನ ಬೋಟುಗಳಲ್ಲಿ ದೊಡ್ಡ ಪಂಪ್ ಓಡುವುದು ಇಂಜಿನ್ನಿನ ಬೆಲ್ಟಿನಿಂದ. ಇಂಜಿನ್ ನಿಂತರೆ ಪಂಪ್ ನಿಂತಿತು. ಬ್ಯಾಟರಿಯಲ್ಲಿ ಓಡುವ ಸಣ್ಣ ಪಂಪಿಗೆ ಫ್ಲೋಟ್ ಸ್ವಿಚ್ ಇದ್ದರೂ ಅದು ಕೂತಿರುವುದು ಬಲೆಯ ನೂಲು, ಥರ್ಮಾಕೋಲ್ ಚೂರು, ಆಯಿಲ್ ಜಿಡ್ಡಿನ ನಡುವೆ. ಒಂದು ತುಂಡು ನೂಲು ಸುತ್ತಿಕೊಂಡರೆ ಫ್ಲೋಟ್ ಮೇಲೇಳುವುದಿಲ್ಲ, ನೀರು ಬಂದರೂ ಪಂಪಿಗೆ ಗೊತ್ತಾಗುವುದಿಲ್ಲ. ಅಥವಾ ಎದ್ದಲ್ಲೇ ಸಿಕ್ಕಿಕೊಂಡು ಪಂಪ್ ಒಣಗಿ ಓಡುತ್ತಲೇ ಇರುತ್ತದೆ. 5 ಆಂಪಿಯರ್ ಎಳೆಯುವ ಪಂಪ್ 180 ಆಂಪಿಯರ್ ಅವರ್ ಬ್ಯಾಟರಿಯನ್ನು ಒಂದೂವರೆ ದಿನದಲ್ಲಿ ಬರಿದು ಮಾಡುತ್ತದೆ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು, 12.2ಕ್ಕೆ ಇಳಿದರೆ ಅರ್ಧ ಖಾಲಿ. 11.8ರಲ್ಲಿ ವಾರಗಟ್ಟಲೆ ಬಿದ್ದಿದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಕಟ್ಟಿ ಮತ್ತೆ ಚಾರ್ಜ್ ಹಿಡಿಯುವುದೇ ಇಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಇಂಜಿನ್ ಓಡಿಸಿದರೆ ಬ್ಯಾಟರಿಗೆ ಒಂದಿಷ್ಟು ಚಾರ್ಜ್ ಸೇರುತ್ತದೆ. ಓಡಿಸುವ ಮುಂಚೆ ಸೀ ಕಾಕ್, ಅಂದರೆ ಇಂಜಿನ್ ತಂಪಾಗಿಸಲು ಸಮುದ್ರದ ನೀರು ಒಳಗೆ ಬಿಡುವ ನಲ್ಲಿ, ತೆರೆಯಬೇಕು, ಮರೆತರೆ ನೀರಿಲ್ಲದೆ ತಿರುಗಿದ ತಂಪುನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಸ್ವಲ್ಪ ಹೊತ್ತಿನಲ್ಲೇ ಸುಟ್ಟು ಹೋಗುತ್ತದೆ. ಬಿಸಿಯಾದ ಮೇಲೆ ನಿಲ್ಲಿಸಿ, ಡೀಸೆಲ್ ಫಿಲ್ಟರಿನ ತಳದ ನೀರು ಬಿಟ್ಟು, ಸೀ ಕಾಕ್ ಮುಚ್ಚಿ ಬರಬೇಕು. ಒಟ್ಟು ಒಂದೂವರೆ ಗಂಟೆಯ ಕೆಲಸ. ಆ ಒಂದೂವರೆ ಗಂಟೆ ಕೊಡಿ ಎಂದು ಬೇಡಿಕೊಳ್ಳಬೇಕಾಗಿದೆ.

ಇನ್ನು ಹಗ್ಗ. ಸಮುದ್ರ ನೋಡಿಯೂ ಬಂದರು ನೋಡದವರು ದಯವಿಟ್ಟು ಇದನ್ನು ಅರ್ಥ ಮಾಡಿಕೊಳ್ಳಿ. ಮಲ್ಪೆಯಲ್ಲಾಗಲಿ, ಮಂಗಳೂರಿನ ದಕ್ಕೆಯಲ್ಲಾಗಲಿ, ಗಂಗೊಳ್ಳಿಯಲ್ಲಾಗಲಿ ಪ್ರತಿ ಬೋಟಿಗೂ ದಕ್ಕೆಯ ಗೋಡೆ ಸಿಗುವಷ್ಟು ಜಾಗ ಇಲ್ಲ. ಒಂದರ ಮಗ್ಗುಲಿಗೆ ಒಂದು, ಅದರ ಮಗ್ಗುಲಿಗೆ ಇನ್ನೊಂದು, ಹೀಗೆ ಸಾಲಾಗಿ ಕಟ್ಟುತ್ತಾರೆ. ಗೋಡೆಯ ಕಂಬಕ್ಕೆ ಹಗ್ಗ ಇರುವುದು ಒಳಗಿನ ಬೋಟಿಗೆ ಮಾತ್ರ, ಉಳಿದವುಗಳ ಜೀವ ಪಕ್ಕದ ಬೋಟಿನ ಕೈಯಲ್ಲಿ. ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ನೀರು ಒಂದೂವರೆ ಮೀಟರಿನಷ್ಟು ಏರಿ ಇಳಿಯುತ್ತದೆ, ಅದೂ ದಿನಕ್ಕೆ ಎರಡು ಬಾರಿ. ಗೋಡೆಗೆ ಹೋಗುವ ಹಗ್ಗ ಗಿಡ್ಡವಾಗಿದ್ದರೆ ಇಳಿತದಲ್ಲಿ ಬೋಟು ಹಗ್ಗಕ್ಕೆ ನೇತುಬಿದ್ದು ಗೂಟ ಕಿತ್ತು ಬರುತ್ತದೆ, ಉದ್ದವಾಗಿದ್ದರೆ ಭರತದಲ್ಲಿ, ಅಂದರೆ ನೀರು ಏರಿದಾಗ, ತೇಲಿ ಪಕ್ಕದ್ದಕ್ಕೆ ಗುದ್ದುತ್ತದೆ. ಬಿಸಿಲಿಗೆ ಬಿದ್ದ ಪಿಪಿ (ಪ್ಲಾಸ್ಟಿಕ್) ಹಗ್ಗ ಮೇಲ್ನೋಟಕ್ಕೆ ದಪ್ಪವೇ ಇರುತ್ತದೆ, ಕೈಯಲ್ಲಿ ತಿಕ್ಕಿದರೆ ಎಳೆಗಳು ಪುಡಿಪುಡಿಯಾಗಿ ಅಂಗೈಗೆ ಅಂಟುತ್ತವೆ. ಅಂಥ ಹಗ್ಗ ಬದಿಯ ಅಂಚಿಗೆ ಉಜ್ಜುವ ಜಾಗದಲ್ಲೇ ಹರಿಯುವುದು. ಅಲ್ಲಿಗೆ ಹಳೆಯ ಹೋಸ್ ಪೈಪ್ ತುಂಡು ತೊಡಿಸಿದರೆ ಬಾಳಿಕೆ ಬರುತ್ತದೆ. ಆ ಪೈಪ್ ಜಾರಿ ಆಚೆ ಹೋಗಿದೆಯೇ, ಎರಡು ಬೋಟುಗಳ ನಡುವಿನ ಟಯರ್ ಕಳಚಿ ಬಿದ್ದಿದೆಯೇ ಎಂದು ಎರಡು ದಿನಕ್ಕೊಮ್ಮೆಯಾದರೂ ನೋಡಲೇಬೇಕು. ಟಯರ್ ಇಲ್ಲದಿದ್ದರೆ ಫೈಬರ್ ಒಡಲು ಉಜ್ಜಿ ಉಜ್ಜಿ ಪದರ ಏಳುತ್ತದೆ.

ಸಾಲಿನ ನಡುವಿನ ಒಂದು ಬೋಟಿಗೆ ನೀರು ತುಂಬಿದರೆ ಏನಾಗುತ್ತದೆ ಎಂದು ಆದೇಶ ಬರೆದವರು ಯೋಚಿಸಿದ್ದಾರೆಯೇ? ಅದು ಇಳಿಯುವಾಗ ಎರಡು ಮಗ್ಗುಲಿನ ಬೋಟುಗಳನ್ನೂ ಎಳೆಯುತ್ತದೆ. ಹಗ್ಗ ಬಿಗಿದು ಕಬ್ಬಿಣದಂತಾಗಿರುತ್ತದೆ, ಗಂಟು ಬಿಚ್ಚಲು ಬರುವುದಿಲ್ಲ, ಕತ್ತಿಯಲ್ಲಿ ಕಡಿಯಬೇಕು. ಕಡಿಯಲು ಅಲ್ಲಿ ಯಾರಾದರೂ ಇರಬೇಕಲ್ಲ! ಕೆಲಸಗಾರರಲ್ಲಿ ಒಡಿಶಾ, ಜಾರ್ಖಂಡ್‌ನವರು ಊರಿಗೆ ಹೋಗಿದ್ದಾರೆ. ಬೋಟು ನಡೆಸುವ ತಾಂಡೇಲ ಬೇರೆ ತಾಲೂಕಿನವನು, ಅವನನ್ನು ಗಡಿ ದಾಟಲು ಬಿಡುವುದಿಲ್ಲ. ಮಾಲಕನನ್ನು ಬಂದರಿನ ಗೇಟಿನಲ್ಲಿ ತಡೆಯುತ್ತಾರೆ. ನಾಳೆ ವಿಮೆಯವರ ಸರ್ವೇಯರ್ ಬಂದು ‘ಬೋಟನ್ನು ಯಾರೂ ನೋಡಿಕೊಳ್ಳಲಿಲ್ಲವೇ?’ ಎಂದು ಕೇಳುವುದು ಮಾತ್ರ ಮಾಲಕನನ್ನೇ.

ಬೆಳಿಗ್ಗೆ 6ರಿಂದ 10ರವರೆಗೆ ಹೋಗಬಹುದಲ್ಲ ಎಂಬ ಉಪದೇಶ ಬೇರೆ. ಆ ನಾಲ್ಕು ಗಂಟೆ ದಿನಸಿ, ಹಾಲು, ತರಕಾರಿ, ಮಾಂಸ, ಮೀನು ಕೊಳ್ಳುವವರಿಗೆ. ಮೀನು ಮಾರುವ ಅಂಗಡಿ ಪಟ್ಟಿಯಲ್ಲಿದೆ, ಮೀನು ತರುವ ಬೋಟಿನ ಆರೈಕೆ ಪಟ್ಟಿಯಲ್ಲಿಲ್ಲ. ಮೊದಲು ಗಾಡಿ ತೆಗೆಯಬೇಡಿ, ನಡೆದೇ ಹೋಗಿ ಎಂದರು, ಬೈಗುಳ ತಿಂದ ಮೇಲೆ ಹತ್ತಿರದ ಅಂಗಡಿಗಾದರೆ ಗಾಡಿಯಲ್ಲಿ ಹೋಗಿ ಎಂದರು. ಬ್ಯಾಟರಿ, ಐದು ಲೀಟರ್ ಆಯಿಲ್, ಟೂಲ್ ಬಾಕ್ಸ್ ಹೆಗಲ ಮೇಲೆ ಹೊತ್ತು ಹತ್ತು ಮೈಲಿ ನಡೆಯಬೇಕೇ? ಅದೂ ಅಲ್ಲದೆ ಸಮುದ್ರ ಸರ್ಕಾರಿ ಗಡಿಯಾರ ನೋಡಿ ಏರುವುದಿಲ್ಲ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು 7 ಗಂಟೆಗೆ ಭರತ ಇದ್ದರೆ ಐದನೇ ದಿನಕ್ಕೆ 10 ದಾಟಿರುತ್ತದೆ. ಹೊನ್ನಾವರ, ತದಡಿ ಕಡೆ ಹೊಳೆಯೊಳಗೆ ಕಟ್ಟಿದ ಬೋಟುಗಳಲ್ಲಿ ಎಷ್ಟೋ ಇಳಿತದಲ್ಲಿ ಕೆಸರಿಗೆ ಕೂರುತ್ತವೆ. ಆಗ ಹತ್ತಲೂ ಆಗುವುದಿಲ್ಲ, ಇಂಜಿನ್ ಓಡಿಸಿದರೆ ಕೆಸರು ಎಳೆದು ನೀರು ಸೋಸುವ ಸ್ಟ್ರೈನರ್ ಕಟ್ಟುತ್ತದೆ.

ಎಲ್ಲಕ್ಕಿಂತ ಸಿಟ್ಟು ಬರುವುದು ‘ಒಬ್ಬರೇ ಹೋಗಿ ಬನ್ನಿ’ ಎನ್ನುವ ಔದಾರ್ಯಕ್ಕೆ. ವಾರಗಟ್ಟಲೆ ಮುಚ್ಚಿಟ್ಟ, ಡೆಕ್ಕಿನ ಕೆಳಗೆ ಮೀನು ತುಂಬಿಡುವ ಹೋಲ್ಡಿನಲ್ಲಿ ಐಸ್ ಕರಗಿದ ನೀರು, ಉಳಿದ ಮೀನಿನ ರಕ್ತ, ಚೂರು ಎಲ್ಲ ಕೊಳೆತು ಹೈಡ್ರೋಜನ್ ಸಲ್ಫೈಡ್ ಅನಿಲ ತುಂಬಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಮೊದಲು ಬರುತ್ತದೆ, ಅನಿಲ ಹೆಚ್ಚಾದರೆ ಮೂಗೇ ಸತ್ತು ವಾಸನೆಯೂ ತಿಳಿಯುವುದಿಲ್ಲ. ಇಳಿದವನು ಏಣಿಯ ಬುಡದಲ್ಲೇ ಕುಸಿಯುತ್ತಾನೆ, ಅವನನ್ನು ಎತ್ತಲು ಧಾವಿಸಿದವನೂ ಕುಸಿಯುತ್ತಾನೆ. ಹಾಗಾಗಿ ಎಲ್ಲ ಮುಚ್ಚಳ ತೆಗೆದು ಬಹಳ ಹೊತ್ತು ಗಾಳಿಯಾಡಲು ಬಿಡಬೇಕು, ಸಾಧ್ಯವಾದರೆ ಬ್ಲೋವರ್ ಇಡಬೇಕು. ಇಳಿಯುವವನ ಸೊಂಟಕ್ಕೆ ಹಗ್ಗ, ಮೇಲೆ ಹಗ್ಗ ಹಿಡಿದ ಇನ್ನೊಬ್ಬ ಇರಲೇಬೇಕು. ಕೊರೊನಾದಿಂದ ಕಾಪಾಡುತ್ತೇವೆ ಎಂದು ಮನುಷ್ಯನನ್ನು ಒಂಟಿಯಾಗಿ ಹೋಲ್ಡಿಗೆ ಇಳಿಸುವುದು ಯಾವ ಸುರಕ್ಷತೆ? ತೆರೆದ ಗಾಳಿಯಲ್ಲಿ, 20 ಮೀಟರ್ ಉದ್ದದ ಬೋಟಿನ ಮೇಲೆ ಮಾಸ್ಕ್ ಹಾಕಿದ ಇಬ್ಬರು ಇದ್ದರೆ ಹರಡುವ ರೋಗ ಬೆಳಗಿನ ತರಕಾರಿ ಅಂಗಡಿಯ ನೂಕುನುಗ್ಗಲಿನಲ್ಲಿ ಹರಡುವುದಿಲ್ಲವೇ?

ಕಾನೂನೇ ಇಲ್ಲ ಎಂದರೆ ಅದೂ ಸುಳ್ಳು. 2020ರ ಮಾರ್ಚ್ 25ಕ್ಕೆ ದೇಶ ಮುಚ್ಚಿದರು. ಏಪ್ರಿಲ್ 10ಕ್ಕೆ ಕೇಂದ್ರ ಗೃಹ ಸಚಿವಾಲಯ ಸಮುದ್ರ ಮೀನುಗಾರಿಕೆಗೆ ವಿನಾಯಿತಿ ಕೊಟ್ಟಿತು, ನಿರ್ವಹಣೆಯ ಕೆಲಸವನ್ನೂ, ಕೆಲಸಗಾರರ ಓಡಾಟವನ್ನೂ ಸೇರಿಸಿಯೇ ಕೊಟ್ಟಿತು. ಆ ಕಾಗದ ದೆಹಲಿಯಿಂದ ಚೆಕ್‌ಪೋಸ್ಟಿಗೆ ಇಳಿಯಲೇ ಇಲ್ಲ. ಇಳಿದ ಕಡೆ ಬಿಡಿಭಾಗದ ಅಂಗಡಿ, ವೆಲ್ಡಿಂಗ್ ಶೆಡ್, ಲೇತ್ ಎಲ್ಲ ಬಾಗಿಲು ಹಾಕಿದ್ದವು. ಒಂದು ಸುತ್ತು ಗ್ಲ್ಯಾಂಡ್ ಪ್ಯಾಕಿಂಗ್ ಸಿಗದಿದ್ದರೆ ದಕ್ಕೆಗೆ ಹೋಗಿ ಮಾಡುವುದೇನು? ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿದಾಗ ಆಚೆ ಕಡೆಯವರ ಪಾಡು ಕೇಳುವುದೇ ಬೇಡ. ಇಷ್ಟೆಲ್ಲ ಆಗಿ ಒಂದು ವರ್ಷ ಕಳೆದರೂ ಈ ಸಲವೂ ಅದೇ ರಾಗ. ಕೊಟ್ಟಿಗೆಯ ಹಸುವಿಗೆ ಹುಲ್ಲು ಹಾಕಲು ಹೋಗುವವನನ್ನು ಯಾರೂ ತಡೆಯುವುದಿಲ್ಲ, ತಡೆಯಲೂಬಾರದು. ಬೋಟಿಗೂ ಅದೇ ನ್ಯಾಯ ಕೊಡಿ ಎಂದರೆ ನಗುತ್ತಾರೆ.

ತೌಕ್ತೆ ಬಂದಾಗಲಾದರೂ ಬುದ್ಧಿ ಬರಬೇಕಿತ್ತು. ಮೇ 15ಕ್ಕೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿಕೊಂಡು ಹೋಯಿತು. ಎಚ್ಚರಿಕೆ ಅದಕ್ಕೂ ಮೊದಲೇ ಬಂದಿತ್ತು. ಅಂಥ ಎಚ್ಚರಿಕೆ ಬಂದ ಕೂಡಲೇ ಹಗ್ಗಗಳನ್ನು ಇಮ್ಮಡಿ ಮಾಡಬೇಕು, ಸಾಲುಗಳನ್ನು ಸಡಿಲಿಸಬೇಕು, ಹೊರಗಿನ ಬೋಟಿನಿಂದ ಲಂಗರು ಇಳಿಸಬೇಕು, ಡೆಕ್ಕಿನ ನೀರು ಹೋಗುವ ಕಿಂಡಿಗಳಲ್ಲಿ ಸಿಕ್ಕಿದ ಬಲೆ ಚೂರು, ಪ್ಲಾಸ್ಟಿಕ್ ತೆಗೆಯಬೇಕು. ಕಿಂಡಿ ಕಟ್ಟಿದ 100 ಚದರ ಮೀಟರ್ ಡೆಕ್ಕಿನ ಮೇಲೆ 100 ಮಿಲಿಮೀಟರ್ ಮಳೆ ಎಂದರೆ ಹತ್ತು ಟನ್ ನೀರು, ಅದೂ ಬೋಟಿನ ತಲೆಯ ಮೇಲೆ. ಆ ಹತ್ತು ಟನ್ನಿಗೆ ಬೋಟು ಓಲಾಡಿದರೆ ಪಕ್ಕದ ಬೋಟಿನ ಬದಿ ಒಡೆಯುತ್ತದೆ. ಇಷ್ಟು ಕೆಲಸಕ್ಕೆ ಬೇಕಾದ ಜನ ಆ ದಿನಗಳಲ್ಲಿ ಪಾಸು, ಪರವಾನಗಿ, ಫೋನು ಎಂದು ಅಲೆಯುತ್ತಿದ್ದರು. ‘ಮೀನುಗಾರರು ಸಮುದ್ರಕ್ಕೆ ಇಳಿಯಬಾರದು’ ಎಂದು ಮೈಕಿನಲ್ಲಿ ಕೂಗಿ ಹೋದರೆ ಜವಾಬ್ದಾರಿ ಮುಗಿಯಿತೇ? ಇಳಿಯದ ಬೋಟು ದಕ್ಕೆಯಲ್ಲಿ ಉಳಿಯಬೇಕಲ್ಲ!

ನಾವು ಕೇಳುವುದರಲ್ಲಿ ದೊಡ್ಡದು ಏನೂ ಇಲ್ಲ. ಬೋಟಿನ ನೋಂದಣಿ ಪುಸ್ತಕ, ಮಾಲಕನ ಆಧಾರ್ ಕಾರ್ಡ್ ತೋರಿಸಿದರೆ ಅದನ್ನೇ ಪಾಸ್ ಎಂದು ಒಪ್ಪಿಕೊಳ್ಳಿ. ಒಂದು ಬೋಟಿಗೆ ಇಬ್ಬರು, ಎರಡು ದಿನಕ್ಕೊಮ್ಮೆ, ಹೊತ್ತು ಭರತ ನೋಡಿಕೊಂಡು. ತಾಂಡೇಲನಿಗೆ ತಾಲೂಕು, ಜಿಲ್ಲೆ ಗಡಿ ದಾಟಲು ಬಿಡಿ. ಬಂದರಿನ ಸುತ್ತಲಿನ ಬಿಡಿಭಾಗದ ಅಂಗಡಿ, ಬ್ಯಾಟರಿ ಅಂಗಡಿಗಳಲ್ಲಿ ಒಂದೆರಡಾದರೂ ಸರದಿಯಂತೆ ತೆರೆದಿರಲಿ. ಪ್ರತಿ ಸಾಲಿಗೆ ಒಬ್ಬ ಕಾವಲುಗಾರನನ್ನು ಹಗಲು ರಾತ್ರಿ ಇಡಲು ಬೋಟಿನವರೇ ಹಣ ಹಾಕುತ್ತಾರೆ, ಅವನಿಗೆ ಲಾಠಿ ಬೀಸದಿದ್ದರೆ ಸಾಕು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಹೋದ ವರ್ಷ ಲಾಕ್‌ಡೌನ್ ನೋಡಿ ನಿಷೇಧವನ್ನು ಜೂನ್ 15ಕ್ಕೆ ಮುಂದೂಡಿದ್ದರು, ಈ ಸಲ ಅದೂ ಇಲ್ಲ. ಅಷ್ಟರೊಳಗೆ ಬಲೆ ಇಳಿಸಿ ಒಣಗಿಸಿ ಇಲಿಗೆ ಸಿಗದಂತೆ ಕಟ್ಟಬೇಕು, ಬ್ಯಾಟರಿ, ವೈರ್‌ಲೆಸ್, ಜಿಪಿಎಸ್ ಬಿಚ್ಚಿ ಮನೆಗೆ ತರಬೇಕು, ದುರಸ್ತಿ ಬೇಕಾದ ಬೋಟನ್ನು ಭರತ ನೋಡಿ ದಡದ ಇಳಿಜಾರು ಕಟ್ಟೆಯಾದ ಸ್ಲಿಪ್‌ವೇಗೆ ಎಳೆಯಬೇಕು. ಎಳೆಯಲು ಹತ್ತು ಹದಿನೈದು ಜನ ಬೇಕು. ಮೇಲೆ ಬಂದ ದಿನವೇ ತಳದ ಚಿಪ್ಪು ಕೆರೆಯಬೇಕು, ಹಸಿ ಇದ್ದಾಗ ಸಲೀಸಾಗಿ ಉದುರುವುದು ಒಣಗಿದರೆ ಕಲ್ಲು, ಕೆರೆದರೆ ಒಡಲಿನ ಪದರವೇ ಕಿತ್ತು ಬರುತ್ತದೆ. ‘ಜೂನ್ 7 ಕಳೆಯಲಿ, ಆಮೇಲೆ ನೋಡೋಣ’ ಎಂದು ಫೋನ್ ಇಡುವ ಅಧಿಕಾರಿಗಳೇ, ಜೂನ್ 7ರ ಹೊತ್ತಿಗೆ ಮುಂಗಾರು ಬಂದು ನಿಂತಿರುತ್ತದೆ. ಅಳಿವೆಯಲ್ಲಿ ಅಲೆ ಎದ್ದು, ಹೊಳೆಯಲ್ಲಿ ಕೆಂಪು ನೀರು ಇಳಿಯಲು ಶುರುವಾದ ಮೇಲೆ ಯಾವ ಬೋಟನ್ನೂ ಸ್ಲಿಪ್‌ವೇ ತನಕ ತರಲಾಗುವುದಿಲ್ಲ. ಗೇಟು ಈ ವಾರವೇ ತೆಗೆಯಿರಿ.